ಮಿಷನ್ ಸೇವೆ ಮುಗಿಸಿ ಹೊರಡುವಾಗ ವಿದಾಯ ಹೇಗೆ ಹೇಳುವುದು? ಅನುಭವ ಇದ್ದವರು ಹೇಳಿ

ಕೇಳಿದವರು: ಎಲ್ಲರಿಗೂ ವಂದನೆ. ನಮ್ಮ ಚರ್ಚ್ ಸಭೆಯ ತಂಡದ ಜೊತೆ ಹೊರದೇಶಕ್ಕೆ ಸೇವೆಗೆ ಬಂದಿದ್ದೇನೆ. ಮಕ್ಕಳ ತರಗತಿ ನನ್ನ ಪಾಲಿಗೆ ಬಂದಿತ್ತು. ಮುಂದಿನ ವಾರ ಹೊರಡಬೇಕು. ಮಕ್ಕಳು ಈಗಲೇ "ಮತ್ತೆ ಯಾವಾಗ ಬರ್ತೀರಾ?" ಅಂತ ಕೇಳುತ್ತಿದ್ದಾರೆ. ಏನು ಹೇಳಲಿ? ಎಲ್ಲರ ಮುಂದೆ ಅಳು ಬಂದರೆ? ಉಡುಗೊರೆ ಕೊಡಬಹುದಾ?

ತಂಡ ಕರೆದುಕೊಂಡು ಹೋಗುವವರು: "ಮುಂದಿನ ವರ್ಷ ಬರ್ತೀನಿ" ಅಂತ ಮಾತ್ರ ಹೇಳಬೇಡಿ ಸಿಸ್ಟರ್. ವೀಸಾ, ರಜೆ, ಖರ್ಚು ಯಾವುದೂ ನಮ್ಮ ಕೈಯಲ್ಲಿಲ್ಲ. ಅಳು ನಿಲ್ಲಿಸಲು ಆಡಿದ ಮಾತನ್ನು ನಾವು ಮರೆಯುತ್ತೇವೆ, ಮಗು ಮರೆಯುವುದಿಲ್ಲ. "ಮತ್ತೆ ಬರ್ತೀನೋ ಇಲ್ವೋ ಗೊತ್ತಿಲ್ಲ. ನಿನ್ನ ಜೊತೆ ಇದ್ದದ್ದು ತುಂಬಾ ಖುಷಿಯಾಯ್ತು" ಅಂದರೆ ಸಾಕು. ಅದನ್ನೂ ಕೊನೆಯ ಸಂಜೆಗೆ ಇಟ್ಟುಕೊಳ್ಳಬೇಡಿ, ಒಂದೆರಡು ದಿನ ಮುಂಚೆಯೇ ಹೇಳಿ. ಆಗ ಮಕ್ಕಳಿಗೆ ಕೇಳಲು, ಮುನಿಸಿಕೊಳ್ಳಲು, ಚಿತ್ರ ಬರೆದು ಕೊಡಲು ಸಮಯ ಸಿಗುತ್ತದೆ. ಕೊನೆಯ ತರಗತಿಯನ್ನು ಅಲ್ಲಿನ ಟೀಚರ್ ನಡೆಸಲಿ, ನೀವು ಪಕ್ಕದಲ್ಲಿ ಕೂತಿರಿ. ಮುಂದೆ ಯಾರ ಹತ್ತಿರ ಹೋಗಬೇಕು ಅಂತ ಮಕ್ಕಳು ಕಣ್ಣಾರೆ ನೋಡುತ್ತಾರೆ.

ಇನ್ನೊಂದು ವಿಷಯ. ಮಿಷನರಿ ಕುಟುಂಬಗಳ ಮಕ್ಕಳ ನಡುವೆ ಬಹಳ ಕಾಲ ಕೆಲಸ ಮಾಡಿದ ಡೇವಿಡ್ ಪೊಲಾಕ್, ಒಂದು ಊರು ಬಿಡುವ ಮುಂಚೆ ನಾಲ್ಕು ಕೆಲಸ ಮುಗಿಸಿ ಅನ್ನುತ್ತಿದ್ದರು. ಮನಸ್ತಾಪ ಸರಿಮಾಡಿಕೊಳ್ಳುವುದು, ಮೆಚ್ಚುಗೆಯನ್ನು ಬಾಯಿಬಿಟ್ಟು ಹೇಳುವುದು, ಜನರಿಗೂ ಜಾಗಗಳಿಗೂ ವಿದಾಯ ಹೇಳುವುದು, ಮುಂದೆ ಹೋಗುವ ಕಡೆಯ ಬಗ್ಗೆ ಯೋಚಿಸುವುದು. ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರ ಸೇರಿಸಿ ಇದಕ್ಕೆ 'ರಾಫ್ಟ್' (RAFT) ಅಂತ ಹೆಸರು. ನಾನು ನೋಡಿದಂತೆ, ತಂಡದವರು ಮೂರನೆಯದನ್ನು ಭರ್ಜರಿಯಾಗಿ ಮಾಡಿ ಮೊದಲನೆಯದನ್ನು ಬಿಟ್ಟುಬಿಡುತ್ತಾರೆ. ಒಳಗೊಳಗೇ ಕಿರಿಕಿರಿ ಇಲ್ಲದ ತಂಡ ಯಾವುದು ಹೇಳಿ? ಮಾತಾಡಬೇಕಾದವರ ಜೊತೆ ವಿಮಾನ ಹತ್ತುವ ಮುಂಚೆಯೇ ಮಾತಾಡಿ.

ತಂಡಗಳನ್ನು ಬರಮಾಡಿಕೊಳ್ಳುವ ಸಭೆಯವರು: ನಾನು ಆಚೆ ಕಡೆಯವಳು. ಅಳುವುದು ತಪ್ಪೇನಲ್ಲ. ಆದರೆ ಕೆಲವು ಸಲ ಇಡೀ ಸಂಜೆ ಬಂದವರನ್ನೇ ನಾವು ಸಮಾಧಾನ ಮಾಡಬೇಕಾಗುತ್ತದೆ, ನಮ್ಮ ಮಕ್ಕಳು ಮೂಲೆಯಲ್ಲಿ ನಿಂತು ನೋಡುತ್ತಿರುತ್ತಾರೆ. ಅಳು ಬಂದರೆ ಅತ್ತುಬಿಡಿ, ಆಮೇಲೆ ಮಕ್ಕಳ ಕಡೆ ತಿರುಗಿ.

ನೀವು ಹೋದ ಮೇಲೆ ಅವರು ಪ್ರಶ್ನೆ ಕೇಳುವುದು ನಮ್ಮನ್ನು. ಹಾಗಾಗಿ ಯಾರಿಗೆ ಏನು ಹೇಳಿದಿರಿ ಅಂತ ನಮಗೂ ತಿಳಿಸಿ ಹೋಗಿ.

ಬೀಳ್ಕೊಡುಗೆ ಕೂಟದಲ್ಲಿ ನಿಮ್ಮ ಸಾಕ್ಷಿ, ಅಂದರೆ ನಂಬಿಕೆಯ ಅನುಭವ ಹೇಳುವ ಮಾತು, ಚಿಕ್ಕದಾಗಿರಲಿ. ನಮ್ಮ ಹಿರಿಯರು ನಿಮಗಾಗಿ ಪ್ರಾರ್ಥನೆ ಮಾಡಲು ಜಾಸ್ತಿ ಹೊತ್ತು ಬಿಡಿ. ಯಾರಾದರೂ ಏನಾದರೂ ಕೊಟ್ಟರೆ "ಅಯ್ಯೋ ಬೇಡ, ನಿಮಗೇ ಕಷ್ಟ" ಅನ್ನಬೇಡಿ. ತೆಗೆದುಕೊಳ್ಳಿ. ಕೊಡುವ ಖುಷಿ ನಮಗೂ ಬೇಕು ಅಲ್ವಾ?

ಅಡುಗೆ ಮಾಡಿದವರು, ಗಾಡಿ ಓಡಿಸಿದವರು, ಭಾಷಾಂತರ ಮಾಡಿದವರು, ಇವರ ಹತ್ತಿರ ಹೋಗಿ ಹೆಸರು ಹಿಡಿದು ಮಾತಾಡಿಸಿ. ಭಾಷಾಂತರದವರ ಪಾಡು ನೋಡಿ: ಎಲ್ಲರ ವಿದಾಯವನ್ನೂ ಅವರೇ ಹೇಳುತ್ತಾರೆ, ಅವರಿಗೆ ವಿದಾಯ ಹೇಳುವುದನ್ನೇ ಎಲ್ಲರೂ ಮರೆಯುತ್ತಾರೆ.

ಲೆಕ್ಕಪತ್ರ ನೋಡಿಕೊಂಡವರು: ಉಡುಗೊರೆ ಬಗ್ಗೆ ಎರಡೇ ಮಾತು. ಇಷ್ಟವಾದ ಒಂದೇ ಮಗುವಿಗೆ ಗುಟ್ಟಾಗಿ ಕೊಡಬೇಡಿ. ಉಳಿದ ಬಟ್ಟೆ, ಔಷಧಿ, ಹಣ ಏನಿದ್ದರೂ ಪಟ್ಟಿ ಮಾಡಿ ಅಲ್ಲಿನ ಸಭೆಯ ಕೈಗೆ ಕೊಡಿ, ಯಾರಿಗೆ ಬೇಕು ಅಂತ ಅವರಿಗೆ ಗೊತ್ತು. ಬಸ್ ಹತ್ತುವಾಗ ಹಂಚಲು ಹೊರಟರೆ ನೂಕುನುಗ್ಗಲಾಗುತ್ತದೆ. ಸಿಗದವರ ಮುಖ ನೋಡಲಾಗುವುದಿಲ್ಲ.

ಪಾಸ್ಟರ್ ಒಬ್ಬರು: "ಸ್ವಲ್ಪ ದಿನದ ಪರಿಚಯಕ್ಕೆ ಇಷ್ಟೆಲ್ಲ ಯಾಕೆ" ಅನ್ನುವವರಿಗೆ ನಾನು ಬೈಬಲಿನ ಅಪೊಸ್ತಲರ ಕೃತ್ಯಗಳು 20 ಮತ್ತು 21ನೇ ಅಧ್ಯಾಯ ಓದಿ ಅನ್ನುತ್ತೇನೆ. ಎಫೆಸ ಪಟ್ಟಣದವರ ಜೊತೆ ಅಪೊಸ್ತಲ ಪೌಲ ಇದ್ದದ್ದು ಮೂರು ವರ್ಷ. ಆ ಸಭೆಯ ಹಿರಿಯರನ್ನು ಮಿಲೇತ ಎಂಬ ಊರಿಗೆ ಕರೆಸಿ, "ಇನ್ನು ನೀವು ನನ್ನನ್ನು ಕಾಣುವುದಿಲ್ಲ" ಅಂತ ನೇರವಾಗಿ ಹೇಳಿದ. ಸಭೆಯನ್ನು ಅವರ ಕೈಗೇ ಒಪ್ಪಿಸಿದ. ಮೊಣಕಾಲೂರಿ ಪ್ರಾರ್ಥಿಸಿದ ಮೇಲೆ ಎಲ್ಲರೂ ಅತ್ತರು, ಅಪ್ಪಿಕೊಂಡರು, ಹಡಗಿನವರೆಗೂ ಹೋಗಿ ಕಳುಹಿಸಿದರು. ತೂರ್ ಪಟ್ಟಣದಲ್ಲಿ ಅವನು ಇದ್ದದ್ದು ಏಳೇ ದಿನ. ಅಲ್ಲಿಯೂ ಹೆಂಡತಿ ಮಕ್ಕಳ ಸಮೇತ ಜನ ಊರಾಚೆ ಬಂದು ಸಮುದ್ರದ ದಡದಲ್ಲಿ ಅವನ ಜೊತೆ ಪ್ರಾರ್ಥಿಸಿದರು. ಆದ್ದರಿಂದ ಕಡಿಮೆ ದಿನ ಅಂತ ಸಂಕೋಚ ಬೇಡ.

ಅಪ್ಪಿಕೊಳ್ಳುವ ಮುಂಚೆ ಮಾತ್ರ ಅಲ್ಲಿನವರನ್ನು ಕೇಳಿ. ಗಂಡಸರು ಹೆಂಗಸರು ಕೈಕುಲುಕದ ಜಾಗಗಳೂ ಇವೆ.

ಮಕ್ಕಳ ಸುರಕ್ಷತೆ ಕೆಲಸದಲ್ಲಿರುವವರು: ನೀವಿರುವುದು ಮಕ್ಕಳ ಆಶ್ರಮವಾದರೆ ಇನ್ನೂ ಜಾಗ್ರತೆ ಬೇಕು. ಅಂಟಿಕೊಂಡವರು ಒಬ್ಬರಾದ ಮೇಲೊಬ್ಬರು ಬಿಟ್ಟು ಹೋಗುತ್ತಿದ್ದರೆ ಆ ಮಕ್ಕಳಿಗೆ ಒಳ್ಳೆಯದಲ್ಲ. ಸೇವೆಯ ಹೆಸರಿನಲ್ಲಾದರೂ ಅಷ್ಟೇ. ಮುಂದಿನ ಸಲ ಅಲ್ಲಿನ ಸಿಬ್ಬಂದಿಗೆ ನೆರವಾಗುವ ಕೆಲಸ ಕೇಳಿಕೊಳ್ಳಿ. ಮಕ್ಕಳಿಗೆ ನಿಮ್ಮ ವಾಟ್ಸ್ಆ್ಯಪ್ ನಂಬರ್ ಕೊಡಬೇಡಿ, ಪತ್ರವೋ ಫೋಟೋವೋ ಸಭೆಯ ಮೂಲಕವೇ ಹೋಗಲಿ. ಅವರ ಮುಖ ಕಾಣುವ ಚಿತ್ರಗಳನ್ನು ಫೇಸ್‌ಬುಕ್‌ಗೆ ಹಾಕಬೇಡಿ.

ಇತ್ತೀಚೆಗೆ ವಾಪಸ್ ಬಂದವರು: ಮನೆಗೆ ಬಂದ ಮೇಲೂ ಒಂದಿಷ್ಟು ದಿನ ಮನಸ್ಸು ಮಂಕಾಗಬಹುದು. ಹೊಸದೇನಲ್ಲ ಇದು. 1963ರಲ್ಲೇ ಸಂಶೋಧಕರಾದ ಗಲ್ಲಹಾರ್ನ್ ದಂಪತಿ, ಹೊರದೇಶದಿಂದ ಮರಳಿದವರು ಸ್ವಂತ ಊರಿಗೆ ಹೊಂದಿಕೊಳ್ಳಲು ಮತ್ತೆ ಒದ್ದಾಡುತ್ತಾರೆ ಅಂತ ಬರೆದಿದ್ದರು. "ಹೇಗಿತ್ತು?" ಅಂತ ಕೇಳುವವರಲ್ಲಿ ಜಾಸ್ತಿ ಜನಕ್ಕೆ ಒಂದು ಸಾಲಿನ ಉತ್ತರ ಸಾಕು, ಬೇಜಾರು ಮಾಡ್ಕೋಬೇಡಿ. ಪೂರ್ತಿ ಕಥೆ ಹೇಳಿಕೊಳ್ಳಲು ತಂಡದಲ್ಲೇ ಒಬ್ಬರನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಅಲ್ಲಿ ಯಾರಿಗಾದರೂ ಫೋಟೋ ಕಳಿಸುತ್ತೇನೆ ಅಂದಿದ್ದರೆ ಬಂದ ವಾರವೇ ಕಳಿಸಿ. ಕೆಲಸಕ್ಕೆ ಹೋಗಲು ಶುರುಮಾಡಿದ ಮೇಲೆ ಅದು ಆಗುವುದಿಲ್ಲ.