ಸ್ಪ್ರಾಂಗ್ ಹೆಣಿಗೆ: ಯಾವ ನೂಲಿನಿಂದ ತೊಡಗಬೇಕು?

ಪ್ರಶ್ನೆ: ಹೊಕ್ಕು ನೂಲಿಲ್ಲದೆ, ಎರಡು ತುದಿಗೂ ಬಿಗಿದ ಹಾಸಿನ ಎಳೆಗಳನ್ನೇ ಒಂದಕ್ಕೊಂದು ತಿರುಚಿ ಬಲೆಯಂತೆ ಹೆಣೆಯುವ ಸ್ಪ್ರಾಂಗ್ ಕಲಿಯಬೇಕೆಂದಿದ್ದೇನೆ. ವಾರಕ್ಕೆ ಮೂರು ಗಂಟೆ ಬಿಡುವಿದೆ. ಹತ್ತಿಯೋ ಉಣ್ಣೆಯೋ? ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1: ನಾನು ಕಪ್ಪು ಹತ್ತಿ ನೂಲಿನ 80 ಎಳೆಗಳಿಂದ ತೊಡಗಿದೆ, ನೆನೆದರೆ ಈಗಲೂ ಸಂಕಟವಾಗುತ್ತದೆ. 6ನೆಯ ಸಾಲಿನಲ್ಲಿ ಹಿಂದಿನ ಎಳೆಯೊಂದನ್ನು ಎತ್ತದೆ ಬಿಟ್ಟದ್ದು ನನ್ನ ಕಣ್ಣಿಗೆ ಬಿದ್ದದ್ದು 19ನೆಯ ಸಾಲು ಮುಗಿದ ಮೇಲೆ. ಮೇಲೆ ಹೆಣೆದ ಪ್ರತಿ ಸಾಲಿನ ಕನ್ನಡಿಬಿಂಬ ಕೆಳತುದಿಯಲ್ಲಿ ತಾನಾಗಿ ಮೂಡುವುದರಿಂದ ತಪ್ಪು ಅಲ್ಲಿಯೂ ಕುಳಿತಿತ್ತು. ಮೇಲಿನ 14, ಕೆಳಗಿನ 14 ಸಾಲುಗಳನ್ನು ಬಿಚ್ಚುವುದಕ್ಕೆ ನಾಲ್ಕು ಸಂಜೆಗಳು ಹೋದವು. ಕಪ್ಪು ಬಣ್ಣದ, ಜಾರುವ ಹತ್ತಿ ನೂಲನ್ನು ಮುಟ್ಟಲೇಬೇಡಿ.

ಉತ್ತರ 2: ಎಳೆ ಎಣಿಸದೆ ಮುಂದೆ ಹೋದವರು ನೂಲನ್ನು ದೂರುವುದು ನ್ಯಾಯವಲ್ಲ. ನಾನು ಮೊದಲ ದಿನದಿಂದಲೂ ಉಣ್ಣೆಯಲ್ಲೇ ಹೆಣೆಯುತ್ತಿದ್ದೇನೆ. ಡೆನ್ಮಾರ್ಕಿನ ಬೋರುಮ್ ಎಸ್ಹೋಯ್ ದಿಬ್ಬದಲ್ಲಿ ದೊರೆತ, ಮೂರು ಸಾವಿರ ವರ್ಷಕ್ಕೂ ಹಳೆಯದಾದ ಸ್ಪ್ರಾಂಗ್ ಕೂದಲಬಲೆಯೂ ಉಣ್ಣೆಯದೇ. ನನಗಾದ ನಷ್ಟ ಚೌಕಟ್ಟಿನಿಂದ. ತಿರುಚಿದಷ್ಟೂ ಹಾಸು ಗಿಡ್ಡವಾಗುತ್ತದೆ ಎಂಬುದನ್ನು ಲೆಕ್ಕಿಸದೆ ಎರಡೂ ಅಡ್ಡಪಟ್ಟಿಗಳಿಗೆ ಮೊಳೆ ಹೊಡೆದಿದ್ದೆ. 30ನೆಯ ಸಾಲಿನ ಹೊತ್ತಿಗೆ ಎಳೆಗಳು ತಂತಿಯಂತೆ ಬಿಗಿದು, ಅಂಚಿನ ಎರಡು ಎಳೆಗಳು ಪಟ್ಟನೆ ಹರಿದುಹೋದವು. ಈಗ ಕೆಳಪಟ್ಟಿಯನ್ನು ಹಗ್ಗದಿಂದ ಕಟ್ಟಿ, ಐದೈದು ಸಾಲಿಗೊಮ್ಮೆ ಸಡಿಲಿಸುತ್ತೇನೆ.

ಉತ್ತರ 3: ಚೌಕಟ್ಟಿನ ಈ ಗೋಳೇಕೆ? ಬೆರಳುಗಳಿಗೆ ಐದು ಕುಣಿಕೆಗಳನ್ನು ಸಿಕ್ಕಿಸಿಕೊಂಡು, ಒಂದರೊಳಗಿಂದ ಇನ್ನೊಂದನ್ನು ಎಳೆದು ಹೆಣೆಯುವ ಕುಣಿಕೆ ಹೆಣಿಗೆಯನ್ನು ನಾನು ಎರಡು ವರ್ಷದಿಂದ ಮಾಡುತ್ತಿದ್ದೇನೆ. ಒಂದು ಮೊಳೆಯೂ ಬೇಕಾಗಿಲ್ಲ.

ಉತ್ತರ 2: ಅದರಲ್ಲಿ ಬರುವುದು ದಾರ, ಬಟ್ಟೆಯಲ್ಲ. ಉದ್ದವೂ ಕೈಚಾಚುವಷ್ಟಕ್ಕೇ ಸೀಮಿತ. ಕೇಳಿದ್ದು ಸ್ಪ್ರಾಂಗಿನ ವಿಚಾರ.

ಉತ್ತರ 3: ಇಬ್ಬರು ಕೂಡಿ ಹೆಣೆದರೆ ಆ ಮಿತಿಯೂ ಇರುವುದಿಲ್ಲ. ಮಾಡಿ ನೋಡದೆ ಹಗುರವಾಗಿ ಮಾತನಾಡಬೇಡಿ.

ಉತ್ತರ 1: ನಾನು ಪ್ರತಿ ಸಾಲನ್ನೂ ಎಣಿಸಿದ್ದೆ, ರಾತ್ರಿಯ ಬೆಳಕಿನಲ್ಲಿ ಕಪ್ಪು ಎಳೆ ಕಾಣಲಿಲ್ಲ, ಅಷ್ಟೇ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕೊನೆಯಲ್ಲಿ. ಮೇಲಿನ ಮತ್ತು ಕೆಳಗಿನ ಹೆಣಿಗೆ ನಡುವಿನಲ್ಲಿ ಸಂಧಿಸಿದಾಗ, ಅಲ್ಲಿ ಅಡ್ಡದಾರವೊಂದನ್ನು ತೂರಿಸಿ ಭದ್ರಪಡಿಸುವ ಮೊದಲೇ, ಸಾಲು ಬಿಚ್ಚದಂತೆ ಎಳೆಗಳ ನಡುವೆ ತೂರಿಸಿಟ್ಟಿದ್ದ ಕಡ್ಡಿಯನ್ನು ಎಳೆದುಬಿಟ್ಟೆ. ಎಳೆಗಳು ನಡುವಿನಿಂದ ಎರಡೂ ಕಡೆಗೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತಾ ಹೋದವು. ನಾನು ಅಂಗೈಯಿಂದ ಒತ್ತಿ ಹಿಡಿದರೂ ಒಂಬತ್ತು ಸಾಲು ಉಳಿಯಲಿಲ್ಲ.