ಅಪ್‌ಡೇಟ್: ನೀಲಿ ಉರಿಯಲ್ಲಿ ಬೆಳಗುವುದು ಬ್ಯೂಟೇನ್ ಅಲ್ಲ

ಗ್ಯಾಸ್ ಒಲೆಯ ನೀಲಿ ಬೆಳಕು ಅದರ ಇಂಧನವಾದ ಪ್ರೊಪೇನ್, ಬ್ಯೂಟೇನ್ ಅಣುಗಳದ್ದೇ ಎಂಬ ಪ್ರಶ್ನೆಯನ್ನು ಹಿಂದೆ ಇಲ್ಲಿ ಕೇಳಿದ್ದೆ. ಅಲ್ಲವೆಂದು ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಈಗ ಕಣ್ಣಾರೆ ನೋಡಿದ್ದೇನೆ.

ರಾತ್ರಿ ಅಡುಗೆಮನೆಯ ದೀಪ ಆರಿಸಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಬಲ್ಲ ಹಳೆಯ ಸಿಡಿಯೊಂದನ್ನು ಓರೆಯಾಗಿ ಹಿಡಿದು ಅದರಲ್ಲಿ ಉರಿಯ ಪ್ರತಿಬಿಂಬವನ್ನು ನೋಡಿದೆ. ಮೇಣದಬತ್ತಿಯ ಹಳದಿ ಬೆಳಕು ಕೆಂಪಿನಿಂದ ನೇರಳೆಯವರೆಗೆ ಎಲ್ಲಿಯೂ ಕಡಿಯದೆ ಹರಡಿಕೊಂಡಿತು, ಏಕೆಂದರೆ ಅದು ಕಾದು ಕೆಂಪಾದ ಮಸಿಯ ಕಣಗಳ ಬೆಳಕು. ಒಲೆಯ ಉರಿಯಲ್ಲಾದರೋ ಬಿಡಿಬಿಡಿ ಪಟ್ಟಿಗಳು, ಅದರಲ್ಲೂ ಹಸಿರು ಪಟ್ಟಿ ಎದ್ದು ಕಾಣುತ್ತಿತ್ತು.

ಆ ಹಸಿರಿನ ತರಂಗಾಂತರ ಸುಮಾರು 516 ನ್ಯಾನೊಮೀಟರ್. ಎರಡೇ ಕಾರ್ಬನ್ ಪರಮಾಣುಗಳ ಅಣುವಿನಿಂದ ಹೊಮ್ಮುವ ಈ ಪಟ್ಟಿಗಳಿಗೆ, 1856ರಲ್ಲಿ ಅವುಗಳನ್ನು ಅಭ್ಯಸಿಸಿದ ಸ್ಕಾಟ್ಲೆಂಡಿನ ಭೌತವಿಜ್ಞಾನಿ ವಿಲಿಯಂ ಸ್ವಾನ್ ಅವರ ಹೆಸರಿದೆ. ನೇರಳೆಯತ್ತ 431 ನ್ಯಾನೊಮೀಟರಿನ ಆಸುಪಾಸಿನ ಪಟ್ಟಿ ಒಂದು ಕಾರ್ಬನ್, ಒಂದು ಹೈಡ್ರೋಜನ್ ಕೂಡಿದ ತುಣುಕಿನದು. ಇಂಧನದ ಅಣು ಒಡೆದು ಆಮ್ಲಜನಕದೊಡನೆ ವರ್ತಿಸುವಾಗ ಈ ತುಣುಕುಗಳು ಉದ್ರಿಕ್ತ ಸ್ಥಿತಿಯಲ್ಲಿಯೇ ಹುಟ್ಟಿ, ಆ ಹೆಚ್ಚುವರಿ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತವೆ. ಅಂದರೆ ಇದು ಬರಿಯ ಕಾವಿನ ಬೆಳಕಲ್ಲ, ರಾಸಾಯನಿಕ ಕ್ರಿಯೆಯದು. ನಾನು ತಪ್ಪಿದ್ದು ಇಲ್ಲಿಯೇ: ಬೆಳಗುವುದು ಇಂಧನದ ಇಡೀ ಅಣುವಲ್ಲ, ಅದರ ತುಣುಕುಗಳು.

ಅಣು ಒಡೆಯದೆಯೂ ಬೆಳಗಬಲ್ಲದು ಎಂದ ಓದುಗರ ಮಾತೂ ನಿಜ: ಆಂತ್ರಸೀನ್‌ನಂತಹ ಕಾರ್ಬನ್ ಉಂಗುರಗಳುಳ್ಳ ಅಣುಗಳು ಆವಿಯಾಗಿದ್ದಾಗಲೂ ಅತಿನೇರಳೆ ಕಿರಣವನ್ನು ಹೀರಿ ಪ್ರತಿದೀಪ್ತಿ ತೋರುತ್ತವೆ, ಅಂದರೆ ಹೀರಿದ ಶಕ್ತಿಯನ್ನು ಮತ್ತೆ ಬೆಳಕಾಗಿ ಸೂಸುತ್ತವೆ. ತೆಳುವಾದ ಆವಿಯಲ್ಲಿ ಪರಸ್ಪರ ಡಿಕ್ಕಿ ಅಪರೂಪವಾದ್ದರಿಂದ, ಹೀರಿದ ಹೆಚ್ಚಿನ ಕಂಪನಶಕ್ತಿಯನ್ನು ಬೆಳಕು ಸೂಸುವ ಮೊದಲು ನೆರೆಯ ಅಣುಗಳಿಗೆ ದಾಟಿಸಲು ಅವುಗಳಿಗೆ ಅವಕಾಶವಿರುವುದಿಲ್ಲ; ದ್ರಾವಣದಲ್ಲಾದರೆ ಅದು ಕ್ಷಣಾರ್ಧದಲ್ಲಿ ಸೋರಿಹೋಗುತ್ತದೆ.