ಅಪ್‌ಡೇಟ್: ಮುಟ್ಟು ನಿಂತ ನಂತರದ ನಿದ್ರಾಹೀನತೆಗೆ ಲ್ಯಾವೆಂಡರ್ ಎಣ್ಣೆ

ಮುಟ್ಟು ನಿಂತ ನಂತರ ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವ ತೊಂದರೆಗೆ ಸುಗಂಧ ಚಿಕಿತ್ಸೆಯಿಂದ ಪ್ರಯೋಜನವಿದೆಯೇ ಎಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದವರಲ್ಲಿ ಹೆಚ್ಚಿನವರು ಲ್ಯಾವೆಂಡರ್ ಎಣ್ಣೆಯನ್ನು ಸೂಚಿಸಿದ್ದರಿಂದ, ಅದರ ಒಂದೆರಡು ಹನಿಗಳನ್ನು ಹತ್ತಿಯ ಉಂಡೆಗೆ ಹಾಕಿ, ಚರ್ಮಕ್ಕೆ ತಾಗದಂತೆ ದಿಂಬಿನಿಂದ ಒಂದು ಗೇಣು ದೂರದಲ್ಲಿಟ್ಟು ಮಲಗುವುದನ್ನು ರೂಢಿಸಿಕೊಂಡೆ.

ಮಲಗಿದ ಮೇಲೆ ನಿದ್ದೆ ಹತ್ತುವುದು ಈಗ ಸುಲಭವಾಗಿದೆ. ಆದರೆ ಮೈ ಬಿಸಿಯೇರಿ, ಕತ್ತು ಬೆವೆತು ಎಚ್ಚರವಾಗುವುದು ತಪ್ಪಿಲ್ಲ. ಈಸ್ಟ್ರೋಜನ್ ಹಾರ್ಮೋನಿನ ಇಳಿಕೆಯಿಂದ ಮಿದುಳಿನ ಹೈಪೋಥಲಾಮಸ್‌ನಲ್ಲಿರುವ ಉಷ್ಣ ನಿಯಂತ್ರಣವೇ ಏರುಪೇರಾಗುವುದರಿಂದ, ಪರಿಮಳವೊಂದೇ ಅದನ್ನು ಸರಿಪಡಿಸೀತೆಂದು ನಿರೀಕ್ಷಿಸಬಾರದೆಂದು ವೈದ್ಯರು ತಿಳಿಸಿದರು. ಲ್ಯಾವೆಂಡರ್ ಕುರಿತ ಹಲವು ಅಧ್ಯಯನಗಳಲ್ಲಿ ನಿದ್ರೆಯ ಗುಣಮಟ್ಟ ಸುಧಾರಿಸಿದ್ದು ಕಂಡುಬಂದಿದ್ದರೂ, ಅವುಗಳಲ್ಲಿ ಬಹುತೇಕವು ಚಿಕ್ಕವು. ಮೇಲಾಗಿ, ಅಸಲಿ ಎಣ್ಣೆ ಯಾವುದು, ಹೋಲಿಕೆಗೆ ಕೊಟ್ಟದ್ದು ಯಾವುದೆಂದು ಭಾಗವಹಿಸಿದವರಿಗೆ ವಾಸನೆಯಿಂದಲೇ ಗೊತ್ತಾಗಿಬಿಡುವುದರಿಂದ ನಂಬಿಕೆಯ ಪ್ರಭಾವವನ್ನು ಬೇರ್ಪಡಿಸಿ ನೋಡುವುದು ಕಷ್ಟ. (ಅರ್ಧ ನಂಬಿಕೆಯಿಂದಲೇ ಬಂದ ನಿದ್ದೆಯಾದರೂ ನಾನು ಬೇಡವೆನ್ನಲಾರೆ.)

ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿಡಬೇಕೆಂಬ ಸಲಹೆ ಬಹಳ ಉಪಯುಕ್ತವಾಗಿತ್ತು, ಏಕೆಂದರೆ ಎಣ್ಣೆಯಲ್ಲಿರುವ ಲಿನಲೂಲ್ ಎಂಬ ಪರಿಮಳದ ಅಂಶ ಗಾಳಿಯ ಸಂಪರ್ಕದಿಂದ ಕೆಟ್ಟು ಚರ್ಮದ ಅಲರ್ಜಿಗೆ ಕಾರಣವಾಗಬಲ್ಲದು. ಎಣ್ಣೆಯನ್ನು ನೀರಿಗೆ ಬೆರೆಸಿ ಕುಡಿಯುವ ಸಲಹೆಯನ್ನು ಮಾತ್ರ ನಾನು ಒಪ್ಪಲಿಲ್ಲ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಆಯ್ಕೆಯೆಂದು ವೈದ್ಯರು ಹೇಳಿದ ಅರಿವು-ವರ್ತನಾ ಚಿಕಿತ್ಸೆಯನ್ನು (ನಿದ್ದೆಯ ಕುರಿತ ಯೋಚನೆ ಮತ್ತು ಅಭ್ಯಾಸಗಳನ್ನು ಬದಲಿಸುವ ಚಿಕಿತ್ಸೆ) ಆರಂಭಿಸಿದ್ದೇನೆ. ನಿದ್ದೆ ಬಾರದಿದ್ದಾಗ ಹಾಸಿಗೆ ಬಿಟ್ಟೇಳಬೇಕೆಂಬ ನಿಯಮವೇ ಅದರಲ್ಲಿ ಅತ್ಯಂತ ಕಠಿಣ. ಗೊರಕೆಯೂ ಇರುವುದರಿಂದ, ನಿದ್ರೆಯಲ್ಲಿ ಉಸಿರು ತಡೆಯಾಗುತ್ತಿದೆಯೇ ಎಂದು ತಿಳಿಯುವ ಪರೀಕ್ಷೆಯೊಂದು ಇನ್ನೂ ಬಾಕಿಯಿದೆ.